ಗೋವಿನಜೋಳದ ಹೊಲ, ಲಾಮಾಗಳ ಓದು ಮತ್ತು ಕಂಪ್ಯೂಟರಿನ ಕೆಂಪು ಪಟ್ಟಿ

ಯಾರ ಮೇಲೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಸಾಫ್ಟ್‌ವೇರ್ ಈಗ ಅನೇಕ ಆಫೀಸುಗಳಲ್ಲಿದೆ. ವಾರಕ್ಕೆ 40 ಗಂಟೆ ಇರುವವನ ಹೆಸರಿಗೆ 50 ಗಂಟೆಯ ಕೆಲಸ ಬರೆದರೆ ಅವನ ಪಟ್ಟಿ ಕೆಂಪಾಗುತ್ತೆ. ಆ ಕೆಂಪು ಕಂಡಾಗೆಲ್ಲ ನನಗೆ ನೆನಪಾಗೋದು ಮುಂಡಗೋಡಿನ ಟಿಬೆಟನ್ ಕಾಲೊನಿ. ಎತ್ತಣ ಮಾಮರ, ಎತ್ತಣ ಕೋಗಿಲೆ ಅಂತೀರಾ? ಸ್ವಲ್ಪ ತಾಳಿ.

1959ರಲ್ಲಿ ಟಿಬೆಟ್ ಬಿಟ್ಟು ಬಂದ ಸನ್ಯಾಸಿಗಳಲ್ಲಿ ಅನೇಕರು ಹತ್ತು ವರ್ಷ ಬಂಗಾಳದ ಬಕ್ಸಾದಲ್ಲಿ ಕಳೆದರು. ಅದು ಬ್ರಿಟಿಷರ ಕಾಲದ ಸೆರೆಮನೆ. ಅಲ್ಲಿ ಕ್ಷಯದ ಕಾಟ ಬೇರೆ. ಇತ್ತ 1966ರಲ್ಲಿ ಆಗಿನ ಮೈಸೂರು ರಾಜ್ಯ ಮುಂಡಗೋಡಿನ ಬಳಿ ಸುಮಾರು 4,000 ಎಕರೆ ಕೊಟ್ಟು ದೊಗುಲಿಂಗ್ ವಸಾಹತು ಆಗಿತ್ತು. 1969ರ ಸುಮಾರಿಗೆ ಡ್ರೆಪುಂಗ್, ಗಾಂದೆನ್ ಮಠಗಳವರು ಇಲ್ಲಿಗೆ ಬಂದರು. ಒಂದನೇ ಲಾಮಾ ಕ್ಯಾಂಪ್ ಗಾಂದೆನ್‌ನದು, ಎರಡನೆಯದು ಡ್ರೆಪುಂಗ್‌ನದು.

ಬಂದವರ ತಲೆ ಮೇಲೆ ಎರಡು ಪೂರ್ಣಾವಧಿ ಕೆಲಸ! ಒಂದು, ಕಾಡು ಕಡಿದು ಗೋವಿನಜೋಳ ಬೆಳೆಯೋದು. ಇನ್ನೊಂದು, ಗೆಶೆ ಪದವಿಯ ಓದು... ಐದು ಮಹಾಗ್ರಂಥ, ಬಾಯಿಪಾಠ, ಸಂಜೆಯ ತರ್ಕ, ಹದಿನೈದು ಇಪ್ಪತ್ತು ವರ್ಷಗಳ ದುಡಿಮೆ. ಹಗಲು ಹೊಲದಲ್ಲಿ ಬಗ್ಗಿದವನು ರಾತ್ರಿ ಗ್ರಂಥ ಹಿಡಿಯಬೇಕು. ಗುರುಗಳೂ ಸಲಿಕೆ ಹಿಡಿದರೆ ಪಾಠ ಹೇಳೋರ್ಯಾರು? ಪರಂಪರೆಯೇ ಕಡಿದುಹೋಗುವ ಅಪಾಯ ಅದು. ಮುಂದೆ ದೇಣಿಗೆ, ಬೇರೆ ಆದಾಯ ಬಂದ ಹಾಗೆ ಓದುವವರ ಮೇಲಿಂದ ಹೊಲದ ಹೊರೆ ಇಳಿಯಿತು. ಇವತ್ತು ಅಲ್ಲಿ ಸಾವಿರಾರು ಸನ್ಯಾಸಿಗಳು ಓದ್ತಿದ್ದಾರೆ. ಗಮನಿಸಿ, ಅವರು ಹೆಚ್ಚು ಚುರುಕಾಗಿ ದುಡಿದದ್ದರಿಂದ ಓದು ಉಳಿಯಲಿಲ್ಲ. ಹೆಗಲ ಮೇಲಿಂದ ಒಂದು ಕೆಲಸ ಇಳಿದದ್ದರಿಂದ ಉಳಿಯಿತು.

ಅದೇ 1969ರಲ್ಲಿ ಜಪಾನಿನಲ್ಲಿ ಪತ್ರಿಕೆ ಸಾಗಿಸುವ ವಿಭಾಗದ 29 ವರ್ಷದ ನೌಕರನೊಬ್ಬ ಪಾರ್ಶ್ವವಾಯುವಿನಿಂದ ಸತ್ತ. ಅತಿ ದುಡಿಮೆಯ ಸಾವು, ಅಂದರೆ 'ಕರೋಶಿ'ಯ ಮೊದಲ ಪ್ರಕರಣ ಅಂತ ಅದನ್ನು ಹೇಳುತ್ತಾರೆ. ಇದು ಬರೀ ಜಪಾನಿನ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ 2016ರಲ್ಲಿ 7.45 ಲಕ್ಷ ಜನ ಪಾರ್ಶ್ವವಾಯು, ಹೃದ್ರೋಗದಿಂದ ಸತ್ತರು.

ಹೊರೆಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡೋದು ಹಳೇ ಆಸೆ. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಕೆಲಸವನ್ನು ಅಡ್ಡಪಟ್ಟಿಗಳಾಗಿ ಬರೆದ. ಇವತ್ತಿನ ಸಾಫ್ಟ್‌ವೇರ್‌ನ ಪಟ್ಟಿಗಳು ಅದರ ಮೊಮ್ಮಕ್ಕಳು. ಟೊಯೋಟಾದವರು ಅತಿಹೊರೆಗೆ 'ಮುರಿ' ಅಂತ ಹೆಸರಿಟ್ಟು ಅದನ್ನು ದೋಷಗಳ ಸಾಲಿಗೆ ಸೇರಿಸಿದರು. ನಮ್ಮ ಕನ್ನಡದ 'ಮುರಿ'ಗೂ ಅದಕ್ಕೂ ನಂಟಿಲ್ಲ, ಆದರೆ ಅರ್ಥ ಎಷ್ಟು ಸರಿಯಾಗಿ ಕೂತಿದೆ ನೋಡಿ!

ಇಲ್ಲೊಂದು ಲೆಕ್ಕ ಇದೆ. ಒಬ್ಬನೇ ಇರುವ ಕೌಂಟರಿಗೆ ಕೆಲಸಗಳು ಹೊತ್ತುಗೊತ್ತಿಲ್ಲದೆ ಬರ್ತಾವೆ ಅಂದುಕೊಳ್ಳಿ. ಸರತಿಯ ಸರಳ ಸೂತ್ರದಲ್ಲಿ, ಅವನು 80 ಶೇಕಡಾ ತುಂಬಿದ್ದರೆ ಬಂದ ಕೆಲಸ ಸರಾಸರಿ 4 ಕೆಲಸದಷ್ಟು ಹೊತ್ತು ಕಾಯುತ್ತೆ. 90 ಆದರೆ 9, 95 ಆದರೆ 19! ಅಂದರೆ ನೂರು ದಾಟಿ ಕೆಂಪಾಗುವ ಮೊದಲೇ ಮನುಷ್ಯ ಮುಳುಗಿರ್ತಾನೆ. ಹಾಗಾಗಿ ಕೆಂಪನ್ನು 100ಕ್ಕಲ್ಲ, 80ಕ್ಕೆ ಇಡಬೇಕು ಅನ್ನೋದು ನನ್ನ ವಾದ. ಒಬ್ಬನ ಕೈಯಲ್ಲಿ ಒಮ್ಮೆಗೆ ಎಷ್ಟು ಕೆಲಸ ಇರಬಹುದು ಅಂತ ಮಿತಿ ಹಾಕಬೇಕು. ಒಂದು ಕೆಲಸ ಒಬ್ಬನಿಗೇ ಗೊತ್ತಿದ್ದರೆ ಇನ್ನೊಬ್ಬನಿಗೂ ಕಲಿಸಬೇಕು. ರಾತ್ರಿಯ ಫೋನು, ಹೊಸಬರಿಗೆ ಹೇಳಿಕೊಡೋದು ಇವನ್ನೂ ಕೆಲಸ ಅಂತಲೇ ಬರೆಯಬೇಕು. ಬರೆಯದ ಕೆಲಸ ಯಾವ ಸಾಫ್ಟ್‌ವೇರಿಗೂ ಕಾಣೋದಿಲ್ಲ. ಎಲ್ಲಕ್ಕಿಂತ ಮುಖ್ಯ, ಪಟ್ಟಿ ಕೆಂಪಾದಾಗ "ಇದು ಈ ವಾರ ಬೇಡ" ಅನ್ನುವ ಅಧಿಕಾರ ಯಾರಿಗಾದರೂ ಇರಬೇಕು. ಇಲ್ಲದಿದ್ದರೆ ಅದು ಬರೀ ಕಾವಲು ಕ್ಯಾಮೆರಾ.

ನಮ್ಮ ರಾಜ್ಯದಲ್ಲೂ ಈ ಜಗಳ ತಣ್ಣಗಾಗಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಅಂದಿತ್ತು. 2023ರಲ್ಲಿ ಕರ್ನಾಟಕ ಅದನ್ನು ತಿದ್ದಿ, ವಾರದ ಮಿತಿಯೊಳಗೆ ದಿನಕ್ಕೆ 12 ಗಂಟೆಗೆ ದಾರಿ ಮಾಡಿತು. 2024ರ ಜುಲೈನಲ್ಲಿ ಐಟಿಯವರಿಗೆ 14 ಗಂಟೆಯ ಪ್ರಸ್ತಾಪ ಬಂತು, ನೌಕರರ ಸಂಘ ಬೀದಿಗಿಳಿಯಿತು. ದಿನದ ಗಂಟೆ ಹಿಗ್ಗಿಸಿದರೆ ಕೆಂಪು ಪಟ್ಟಿ ಹಸಿರಾಗುತ್ತೆ, ನಿಜ. ಆದರೆ ಹೆಗಲು ಅದೇ ಇರುತ್ತಲ್ಲ?

ನಿಮ್ಮ ಆಫೀಸಲ್ಲಿ ಪಟ್ಟಿ ಕೆಂಪಾದರೆ ಇಳಿಯೋದು ಕೆಲಸವೋ, ಕೆಲಸದವನೋ? ತಿಳಿಸಿ.