‘ಮನೆಯವರು’ ಎಷ್ಟು ವಯಸ್ಸಿನವರು?

ಕೊರೊನಾ ಕಾಲದಲ್ಲಿ ಮಾನಸಿಕ ಕಾಯಿಲೆಯ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಂಡ ಹದಿಹರೆಯದವರ ಪಾಡಿಗೆ ಪಿಡುಗೇ ಕಾರಣ ಎನ್ನುವುದು ಸುಲಭ. ಆದರೆ ಆ ಹೊರೆ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಚರಿತ್ರೆಯಲ್ಲೇ ಇತ್ತು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಕರಾವಳಿಯ ಕಾರ್ಕಳ, ನಿಟ್ಟೆ ಕಡೆಯವರಿಗೆ ಆ ಪ್ರಾಂತ್ಯದೊಳಗೆ ಹತ್ತಿರವೆನ್ನಬಹುದಾಗಿದ್ದ ಹುಚ್ಚಾಸ್ಪತ್ರೆ 1872ರಲ್ಲಿ ಶುರುವಾದ ಕಲ್ಲಿಕೋಟೆಯದು. ಅಲ್ಲಿ ಸೇರಿದವರು ಮನೆಗೆ ದೂರವಾದಂತೆಯೇ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಮನೆಯವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡರು. ವೆಲ್ಲೂರು, ಬೆಂಗಳೂರಿನ ಆಸ್ಪತ್ರೆಗಳೂ ಅದೇ ದಾರಿ ಹಿಡಿದವು. ಊರಿನ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಕೊಟ್ಟು ನೋಡಿದ ಬಳ್ಳಾರಿಯ ಪ್ರಯೋಗದ ಬಲದ ಮೇಲೆ 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತಂದಿತು. ಒಳ್ಳೆಯದೇ ಆಯಿತು. ಆದರೆ ನೋಡಿಕೊಳ್ಳುವ ಮನೆಯವರಿಗೆ ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ.

ಕರಾವಳಿಯಲ್ಲಿ ಕೇಳುವ ಅಗತ್ಯವೇ ಇರಲಿಲ್ಲ ಎನ್ನುವವರಿದ್ದಾರೆ. ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಕಟ್ಟಿನ ಕುಟುಂಬದ ಮನೆಯಲ್ಲಿ ತಾಯಿಗೆ ಹುಷಾರು ತಪ್ಪಿದರೆ ಅಜ್ಜಿ, ದೊಡ್ಡಮ್ಮ, ಸೋದರಮಾವ ಇರುತ್ತಿದ್ದರು, ನಿಜ. ಆದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆಸ್ತಿ ಪಾಲಿಗೆ ದಾರಿ ಮಾಡಿಕೊಟ್ಟಿತು, ದುಡಿಯುವ ವಯಸ್ಸಿನವರನ್ನು ಮುಂಬೈಯ ಹೋಟೆಲುಗಳು ಎಳೆದುಕೊಂಡವು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದು ಖಾಸಗಿ ಬಸ್ಸೂ ಕೊಂಕಣ ರೈಲೂ ನಿಂತಾಗ, ಅಂಥ ಎಷ್ಟೋ ಮನೆಗಳಲ್ಲಿ ರೋಗಿಯ ಜೊತೆ ಉಳಿದದ್ದು ಮಕ್ಕಳು. ನಿಟ್ಟೆಯಿಂದ ಮಣಿಪಾಲದ ಆಸ್ಪತ್ರೆಗೆ ಬಸ್ಸಿಲ್ಲ. ಮಾತ್ರೆ ಮಾತ್ರ ತಿಂಗಳಿಗೆ ಸರಿಯಾಗಿ ಮುಗಿಯುತ್ತದೆ. ಕ್ಲೋಜಪಿನ್ ಎಂಬ ಮಾತ್ರೆ ನುಂಗುವವರಿಗೆ ಆಗಾಗ ರಕ್ತ ಪರೀಕ್ಷೆಯೂ ಆಗಬೇಕು. ಫೋನಿನಲ್ಲೇ ಚಿಕಿತ್ಸೆ ನೀಡಲು ಕೇಂದ್ರದ ಮಾರ್ಗಸೂಚಿ ಬಂತಲ್ಲ ಎಂದರೆ, ಬಂತು. ಆದರೆ ಮನೆಗೆ ಇದ್ದದ್ದೊಂದೇ ಮೊಬೈಲಾದರೆ ಆನ್‌ಲೈನ್ ಕ್ಲಾಸಿಗೂ ಅದೇ, ಡಾಕ್ಟರ ಕರೆಗೂ ಅದೇ. ಆಸ್ಪತ್ರೆಯಲ್ಲಾದರೆ ರೋಗಿಯನ್ನು ಹೊರಗೆ ಕೂರಿಸಿ ಮನೆಯವರನ್ನು ವಿಚಾರಿಸುತ್ತಾರೆ. ಎರಡು ಕೋಣೆಯ ಮನೆಯಲ್ಲಿ, ಅಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುವಾಗ, ‘ಅನ್ನಕ್ಕೆ ವಿಷ ಹಾಕಿದ್ದೇವೆ ಅಂತಾರೆ, ರಾತ್ರಿ ನಿದ್ದೆಯಿಲ್ಲ’ ಎಂದು ಹದಿನಾರರ ಹುಡುಗಿ ಹೇಳುವುದಾದರೂ ಹೇಗೆ? ಮುಖ ನೋಡಿಯೇ ಏನಾಯಿತೆಂದು ಕೇಳಬಲ್ಲ ಟೀಚರೂ ಆಗ ಎದುರಿಗಿರಲಿಲ್ಲ, ಶಾಲೆ ಮುಚ್ಚಿತ್ತು.

ಜವಾಬ್ದಾರಿ ಮಕ್ಕಳನ್ನು ಗಟ್ಟಿ ಮಾಡುತ್ತದೆ ಎಂಬ ಮಾತೂ ಇದೆ. ಮಾಡೀತು, ಅದಕ್ಕೆ ತಕ್ಕ ಅಧಿಕಾರವೂ ಆಸರೆಯೂ ಇದ್ದರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ವಿಚಿತ್ರವಾಗಿದೆ. ಆರೈಕೆದಾರರಿಗೆ ಅದು ವಯಸ್ಸಿನ ಮಿತಿ ಹಾಕಿಲ್ಲ. ರೋಗಿಯ ಪರವಾಗಿ ಮಾತಾಡುವ ನಾಮನಿರ್ದೇಶಿತ ಪ್ರತಿನಿಧಿ ಮಾತ್ರ ಅಪ್ರಾಪ್ತರಾಗಿರಬಾರದು. ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮೂರು ದಾಟಿದ ಮಕ್ಕಳಿಗೆ ತಾಯಿಯ ಕಾಯಿಲೆ ಏನೆಂದು ತಿಳಿಸಿ ಹೇಳುವ ಹೊಣೆಯನ್ನು ಯಾರಿಗೂ ವಹಿಸಿಲ್ಲ. ಅಪ್ರಾಪ್ತರಿಗೆ ಅಧಿಕಾರ ಕೊಡಿ ಎಂದು ಯಾರೂ ಕೇಳುತ್ತಿಲ್ಲ, ಬೇಕಿರುವುದು ಆಸರೆ. ನಾರ್ವೆಯಲ್ಲಿ 2010ರಿಂದ, ರೋಗಿಗೆ ಮಕ್ಕಳಿದ್ದರೆ ಅವರಿಗೆ ಏನು ಬೇಕೆಂದು ವಿಚಾರಿಸುವುದು ಆಸ್ಪತ್ರೆಯವರಿಗೆ ಕಾನೂನೇ ವಿಧಿಸಿದ ಕೆಲಸ.