ಆದೋನಿಯ ಹತ್ತಿ, ಕಂಪ್ಯೂಟರ್ ಮತ್ತು ಒಂದು ಪಾಸ್‌ವರ್ಡ್ ಪುಸ್ತಕ

'ಬ್ಯಾರಿ' ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಶಬ್ದದಿಂದ ಬಂತು ಎಂದು ಕೆಲವರು ಹೇಳುತ್ತಾರೆ. ಅರಬಿಯ 'ಬಹ್ರ್', ಅಂದರೆ ಸಮುದ್ರದಿಂದ ಬಂತು ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಮೊದಲನೆಯದೇ ಸರಿ. ಯಾಕೆಂದರೆ ನಾನು ವ್ಯಾಪಾರ ಕಲಿತದ್ದು ಸಮುದ್ರವೇ ಕಾಣದ ಊರಿನಲ್ಲಿ. ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಆದೋನಿ ಆ ಊರು. ನಮ್ಮ ಹಳೆಯ ಕನ್ನಡದವರು ಅದನ್ನು ಆದವಾನಿ ಎನ್ನುತ್ತಿದ್ದರು. 2003ರಿಂದ 2011ರವರೆಗೆ ನಾನು ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸಿದೆ. ಹಿಂದುಗಡೆ ಆರು ಕಂಪ್ಯೂಟರಿನ ಒಂದು ಸೈಬರ್ ಕೆಫೆಯೂ ಇತ್ತು.

ಮಂಗಳೂರಿನ ಹಂಪನಕಟ್ಟೆಯಲ್ಲಿ ಆರು ತಿಂಗಳ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಬಳ್ಳಾರಿಯಲ್ಲಿ ಬೇಕರಿ ಇಟ್ಟಿದ್ದ ಮಾಮ ಹೇಳಿದರು, "ಇಲ್ಲಿ ಅಂಗಡಿ ಬಹಳ ಆಗಿವೆ. ಆದೋನಿಗೆ ಹೋಗು. ಅಲ್ಲಿ ಹತ್ತಿ ಮಿಲ್ಲಿನವರೆಲ್ಲ ಕಂಪ್ಯೂಟರ್ ತಗೊಳ್ತಾ ಇದ್ದಾರೆ, ರಿಪೇರಿಗೆ ಬಳ್ಳಾರಿಗೆ ಹೊತ್ತು ತರ್ತಾರೆ." ಅಷ್ಟೇ. ಒಂದು ಸ್ಕ್ರೂ ಡ್ರೈವರ್ ಸೆಟ್, ಮಲ್ಟಿಮೀಟರ್, ಒಂದು ಕಟ್ಟು ಸಿಡಿ ಹಿಡಿದುಕೊಂಡು ಹೊರಟೆ.

ಭಾಷೆಯ ಹೆದರಿಕೆ ಇತ್ತು, ಆದರೆ ಹೋದ ಮೊದಲ ದಿನವೇ ಹೋಯಿತು. ಬಜಾರಿನಲ್ಲಿ ತೆಲುಗು, ಕೋಟೆಯ ಕೆಳಗಿನ ಓಣಿಗಳಲ್ಲಿ ಉರ್ದು. ಹೊಳಗುಂದ, ಕೌತಾಳಂ, ಕೋಸಿಗಿ, ಆಲೂರು ಕಡೆಯಿಂದ ಬರುವ ಅನೇಕ ರೈತರ ಬಾಯಲ್ಲಿ ಬಳ್ಳಾರಿಯ ಕನ್ನಡ. ಅದಕ್ಕೆ ಕಾರಣ ಇದೆ. 1953ರವರೆಗೆ ಆದೋನಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಒಂದು. ಆ ವರ್ಷದ ಅಕ್ಟೋಬರ್ 1ರಂದು ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಹೊಸ ಆಂಧ್ರ ರಾಜ್ಯಕ್ಕೆ ಹೋದವು. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತು. ಮೂರು ವರ್ಷದ ನಂತರ, 1956ರಲ್ಲಿ, ಕಾಸರಗೋಡು ನಮ್ಮಿಂದ ಕೇರಳಕ್ಕೆ ಹೋಯಿತು. ಹಾಗಾಗಿ ಗಡಿಯ ಆಚೆ ಉಳಿದ ಕನ್ನಡ ಅಂದರೆ ಏನು ಎಂದು ನಮ್ಮ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿ ದೂಳು, ಉಬ್ಬಿದ ಕೆಪಾಸಿಟರ್

ನನ್ನ ಮೊದಲ ದೊಡ್ಡ ಗಿರಾಕಿ ಒಂದು ಜಿನ್ನಿಂಗ್ ಮಿಲ್ಲು. ಕಂಪ್ಯೂಟರ್ ಅರ್ಧ ಗಂಟೆ ಓಡಿ ಆಫ್ ಆಗುತ್ತದೆ ಎಂದು ದೂರು. ಕ್ಯಾಬಿನೆಟ್ ಬಿಚ್ಚಿದರೆ ಪ್ರೊಸೆಸರ್ ಫ್ಯಾನೇ ಕಾಣುವುದಿಲ್ಲ, ಬಿಳಿ ಹತ್ತಿಯ ಒಂದು ಮುದ್ದೆ. ಬೀಜ ಬೇರ್ಪಡಿಸುವಾಗ ಹಾರುವ ನವಿರು ಎಳೆ ಫ್ಯಾನಿನ ಗಾಳಿಗೆ ಸಿಕ್ಕಿ ಒಳಗೆ ಹೋಗಿ ಕೂತಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಮೇಲೆ ಹತ್ತಿಯ ಹೊದಿಕೆ. ಕಂಪ್ಯೂಟರ್ ತನ್ನನ್ನು ತಾನು ಉಳಿಸಿಕೊಳ್ಳಲು ಆಫ್ ಆಗುತ್ತಿತ್ತು. ಮಿಲ್ಲಿನ ಗುಮಾಸ್ತರು ನೋಡಿ ನಕ್ಕರು, "ಏನ್ರಿ ಸಾಬ್ರೆ, ಇದರಾಗ ಒಂದು ದಿಂಬು ಹೊಲಿಸಬೋದಲ್ರಿ!" ಬ್ರಷ್ಷು, ಬ್ಲೋವರು, ಒಂದಿಷ್ಟು ಥರ್ಮಲ್ ಪೇಸ್ಟು. ಕೆಲಸ ಇಪ್ಪತ್ತು ನಿಮಿಷದ್ದು. ಆದರೆ ಹತ್ತಿಯ ಸೀಸನ್ ಪೂರ್ತಿ ತಿಂಗಳಿಗೊಮ್ಮೆ ಬರಬೇಕೆಂದು ಒಪ್ಪಂದ ಆಯಿತು. ನನ್ನ ಅಂಗಡಿಯ ಬಾಡಿಗೆ ಬಹಳ ವರ್ಷ ಹತ್ತಿಯ ದೂಳಿನಿಂದಲೇ ಬಂದದ್ದು.

ಆ ಕಾಲದ ಮದರ್‌ಬೋರ್ಡಿಗೆ ಇನ್ನೊಂದು ರೋಗ ಇತ್ತು. 1999ರಿಂದ ಸುಮಾರು 2007ರವರೆಗೆ ಜಗತ್ತಿನಾದ್ಯಂತ ಮಾರಾಟವಾದ ಅನೇಕ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್‌ಗಳಿದ್ದವು. ಒಂದೆರಡು ವರ್ಷದಲ್ಲಿ ಅವುಗಳ ತಲೆ ಉಬ್ಬಿ ಕಂದು ರಸ ಸೋರುತ್ತಿತ್ತು. ಗಿರಾಕಿಗೆ 'ಬೋರ್ಡ್ ಹೋಗಿದೆ' ಎಂದು ಹೇಳಿ ಹೊಸದು ಮಾರುವುದು ಸುಲಭ. ನಾಲ್ಕೈದು ಕೆಪಾಸಿಟರ್ ಬಿಚ್ಚಿ ಹೊಸದು ಬೆಸೆದರೆ ಅದೇ ಬೋರ್ಡ್ ಇನ್ನೂ ಎರಡು ವರ್ಷ ಓಡುತ್ತಿತ್ತು, ಖರ್ಚು ಹೊಸ ಬೋರ್ಡಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ನಾನು ಬೆಸೆಯುವವರ ಸಾಲಿನಲ್ಲಿ ನಿಂತೆ. ಲಾಭ ಕಡಿಮೆ, ಆದರೆ ಹೆಸರು ಬಂತು.

ಮಿಕ್ಕದ್ದೆಲ್ಲ ಸಣ್ಣ ಸಣ್ಣದು. ಆನ್ ಮಾಡಿದರೆ ಬರೀ ಬೀಪ್ ಶಬ್ದವೇ? ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಹಾಕಿದರೆ ಹತ್ತರಲ್ಲಿ ಐದು ಸಲ ಸರಿ. ದಿನಾಂಕ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತದೆಯೇ? ಬೋರ್ಡಿನ ಮೇಲಿನ ಬಿಲ್ಲೆಯಂತಹ ಬ್ಯಾಟರಿ ಮುಗಿದಿದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಕಂಪ್ಯೂಟರ್ ಕೆಟ್ಟಿಲ್ಲ, ಮನೆಗೆ ಅರ್ಥಿಂಗ್ ಇಲ್ಲ. ಮೊದಲ ಮಳೆಯ ಗುಡುಗಿಗೆ ಟೆಲಿಫೋನ್ ವೈರಿನ ಮೂಲಕ ಸಿಡಿಲು ಬಂದು ಮೋಡೆಮ್ ಸುಡುತ್ತಿತ್ತು. ಮೋಡ ಕಂಡರೆ ಪ್ಲಗ್ ಮಾತ್ರ ಅಲ್ಲ, ಫೋನಿನ ತಂತಿಯನ್ನೂ ತೆಗೆಯಿರಿ ಎಂದು ಅಂಗಡಿಯ ಬಾಗಿಲಿಗೆ ಮೂರು ಭಾಷೆಯಲ್ಲಿ ಬರೆದು ಅಂಟಿಸಿದ್ದೆ.

ಲೆಕ್ಕದ ಕಂಪ್ಯೂಟರು ಮತ್ತು ನನ್ನ ತಪ್ಪು

2005ರ ಏಪ್ರಿಲ್ 1ರಂದು ಆಂಧ್ರದಲ್ಲೂ ಕರ್ನಾಟಕದಲ್ಲೂ ವ್ಯಾಟ್ ತೆರಿಗೆ ಬಂತು. ಪ್ರತಿ ಖರೀದಿ, ಪ್ರತಿ ಮಾರಾಟದ ತೆರಿಗೆ ಹೊಂದಿಸಿ ತೋರಿಸಬೇಕು. ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಬಿಡದ ಹತ್ತಿ ವ್ಯಾಪಾರಿಗಳೂ ಆ ವರ್ಷ ಕಂಪ್ಯೂಟರ್ ಕೊಂಡರು. ಎಲ್ಲರಿಗೂ ಬೇಕಾದದ್ದು ಟ್ಯಾಲಿ. ಈ ಟ್ಯಾಲಿ 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಅದನ್ನು ಶುರು ಮಾಡಿಸಿದ ಶ್ಯಾಮ್ ಸುಂದರ್ ಗೋಯೆಂಕಾ ಜವಳಿ ಗಿರಣಿಗಳಿಗೆ ಸಾಮಾನು ಒದಗಿಸುವ ವ್ಯಾಪಾರಿ. ತಮ್ಮ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಕೈಯಲ್ಲಿ ಬರೆಸಿದರು. ಹತ್ತಿಯ ಊರಿನಲ್ಲಿ ಅದು ನೆಲೆ ನಿಂತದ್ದು ಸರಿಯಾಗಿಯೇ ಇದೆ.

ಅದೇ ವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ದೇಶದಲ್ಲಿ ಶುರುವಾಯಿತು. ಅದು ನಮ್ಮ ಬೀದಿಗೆ ಬಂದ ಮೇಲೆ ಒಂದೇ ಲೈನನ್ನು ಹಲವು ಕಂಪ್ಯೂಟರಿಗೆ ಹಂಚುವ ಕೆಲಸ ಹೆಚ್ಚಿತು. ನೆಟ್‌ವರ್ಕ್ ಎಂದರೆ ಮಂತ್ರ ಅಲ್ಲ. ಎಂಟು ಎಳೆಯ ತಂತಿ, ಬಣ್ಣದ ಕ್ರಮ ತಪ್ಪಬಾರದು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ನಾನು ಇಂದಿಗೂ ನಿದ್ದೆಯಲ್ಲೂ ಹೇಳಬಲ್ಲೆ. ಒಂದು ತಂತಿ 100 ಮೀಟರ್ ದಾಟಬಾರದು, ದಾಟಿದರೆ ನಡುವೆ ಒಂದು ಸ್ವಿಚ್ ಬೇಕು.

ವೈರಸ್ಸೂ ಅದೇ ದಾರಿಯಲ್ಲಿ ಬಂತು. ಪಿಸಿಗೆ ಬಂದ ಮೊದಲ ವೈರಸ್ 1986ರ 'ಬ್ರೈನ್'. ಬರೆದವರು ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಅಲ್ವಿ. ತಮ್ಮ ಸಾಫ್ಟ್‌ವೇರ್ ಕದ್ದು ನಕಲು ಮಾಡುವವರಿಗೆ ಬುದ್ಧಿ ಕಲಿಸಲು ಬರೆದದ್ದು, ಅದರೊಳಗೆ ಅಂಗಡಿಯ ವಿಳಾಸವನ್ನೂ ಫೋನ್ ನಂಬರನ್ನೂ ಇಟ್ಟಿದ್ದರು! ಆಗ ವೈರಸ್ ಫ್ಲಾಪಿಯಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಆದೋನಿಗೆ ಬಂದದ್ದು ಪೆನ್‌ಡ್ರೈವಿನಲ್ಲಿ. ಹಳದಿ ಫೋಲ್ಡರಿನಂತೆಯೇ ಕಾಣುವ 'ನ್ಯೂ ಫೋಲ್ಡರ್ ಡಾಟ್ ಇಎಕ್ಸ್‌ಇ'. ಪೆನ್‌ಡ್ರೈವ್ ಚುಚ್ಚಿದ ಕೂಡಲೇ 'ಆಟೊರನ್' ಮೂಲಕ ತಾನೇ ಓಡುವಂಥವೂ ಇದ್ದವು.

2008ರಲ್ಲಿ ಅಂಥದೊಂದು ವೈರಸ್ಸನ್ನು ಅದೇ ಮಿಲ್ಲಿಗೆ ಹೊತ್ತುಕೊಂಡು ಹೋದವನು ನಾನೇ, ನನ್ನ ಕಿಸೆಯ ಪೆನ್‌ಡ್ರೈವಿನಲ್ಲಿ. ಅದನ್ನು ಮುಚ್ಚಿಡಲು ಅವಸರ ಮಾಡಿ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಟ್ಟೆ. ಸಂಜೆ ಗುಮಾಸ್ತರು ಕೇಳಿದರು, "ಟ್ಯಾಲಿ ಎಲ್ಲೈತ್ರಿ?" ಟ್ಯಾಲಿ ಮತ್ತೆ ಹಾಕಬಹುದು. ಅದರ ಒಳಗಿದ್ದ ಲೆಕ್ಕ? ಅವರಲ್ಲಿದ್ದ ಕಾಪಿ ಎರಡು ತಿಂಗಳ ಹಿಂದಿನದು, ಅದೂ ಒಂದು ಸಿಡಿಯಲ್ಲಿ. ಹತ್ತಿ ಸೀಸನ್ನಿನ ಎರಡು ತಿಂಗಳ ವ್ಯವಹಾರ ಹೋಗಿತ್ತು.

ಅವರು ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ರಸೀದಿ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಅಂಗಡಿ ಮುಚ್ಚಿದ ಮೇಲೆ ಹನ್ನೊಂದು ರಾತ್ರಿ ಅವರು ಓದುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ಹನ್ನೆರಡನೆಯ ದಿನ ಲೆಕ್ಕ ಹೊಂದಿತು. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಬೇರೆ ಡಿಸ್ಕಿಗೆ ಕಾಪಿ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಬೀರುವಿನಲ್ಲಿಡುವ ನಿಯಮ ಮಾಡಿದೆವು.

2017ರ ಮೇ 12ರಂದು 'ವಾನಾಕ್ರೈ' ಎಂಬ ವೈರಸ್ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಆಂಧ್ರ ಪೊಲೀಸರ ಕೆಲವು ಕಂಪ್ಯೂಟರುಗಳಿಗೂ ಅದು ತಗುಲಿತ್ತು. ಮೈಕ್ರೋಸಾಫ್ಟ್ ಅದಕ್ಕೆ ಮದ್ದನ್ನು ಮಾರ್ಚಿನಲ್ಲೇ ಕೊಟ್ಟಿತ್ತು, ಅಪ್‌ಡೇಟ್ ಮಾಡದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ನಾನಾಗ ಊರಿಗೆ ಬಂದು ಆರು ವರ್ಷ. ಗುಮಾಸ್ತರಿಗೆ ಫೋನ್ ಮಾಡಿದೆ. "ನಮ್ದೇನೂ ಆಗಿಲ್ರಿ. ಆದ್ರೂ ಆಗ್ಲಿ ಬಿಡ್ರಿ, ಶುಕ್ರವಾರದ ಡಿಸ್ಕು ಬೀರುದಾಗ ಐತಿ" ಎಂದರು.

ಪುಸ್ತಕದಲ್ಲಿದ್ದ ಗುಟ್ಟು

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅದಕ್ಕೆ ಶುಕ್ರವಾರದ ಡಿಸ್ಕು ಇರಲಿಲ್ಲ.

ಗಲ್ಫಿನಲ್ಲಿ ಮನೆಯವರಿದ್ದ ಕುಟುಂಬಗಳು ಆದೋನಿಯಲ್ಲೂ ಇದ್ದವು. ನಮ್ಮೂರಿನಲ್ಲಿ ನಡೆದದ್ದೇ ಅಲ್ಲೂ. ಮೊದಲು ಪತ್ರ, ಆಮೇಲೆ ಮಾತು ತುಂಬಿಸಿದ ಕ್ಯಾಸೆಟ್ಟು, ಐಎಸ್‌ಡಿ ಬೂತು. 2002ರ ಏಪ್ರಿಲಿನಲ್ಲಿ ಸರಕಾರ ಇಂಟರ್ನೆಟ್ ಫೋನಿಗೆ ಅನುಮತಿ ಕೊಟ್ಟ ಮೇಲೆ ಕೆಫೆ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದು ಯಾಹೂ ಮೆಸೆಂಜರಿನಲ್ಲಿ, ನಿಂತು ನಿಂತು ಓಡುವ ವೆಬ್‌ಕ್ಯಾಮ್ ಚಿತ್ರದಲ್ಲಿ ಗಂಡನ ಮುಖ ನೋಡುತ್ತಿದ್ದರು. ಅವರಿಗೆಲ್ಲ ಈಮೇಲ್ ಐಡಿ ಮಾಡಿಕೊಟ್ಟವನು ನಾನು. ಪಾಸ್‌ವರ್ಡ್ ಮರೆತು ಮತ್ತೆ ಮತ್ತೆ ಬರುತ್ತಾರೆಂದು ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಹೆಸರು, ಐಡಿ, ಪಾಸ್‌ವರ್ಡ್ ಬರೆದಿಡುತ್ತಿದ್ದೆ. ಹೆಚ್ಚಿನವರದ್ದು ಮಗುವಿನ ಹೆಸರು ಅಥವಾ ಮನೆಯ ಫೋನ್ ನಂಬರ್. ಅದು ಸೇವೆ ಎಂದೇ ನನ್ನ ನಂಬಿಕೆ. ಊರಿಗೆಲ್ಲ ನಾನು 'ನಂಬಿಕಸ್ತ ಭಾಯ್'.

ಒಂದು ದಿನ ಒಬ್ಬ ಹುಡುಗ ಬಂದು, "ಭಾಯ್, ಭಾಭಿಯ ಮೇಲ್ ಓಪನ್ ಮಾಡಿಕೊಡಿ, ಅಣ್ಣ ಟಿಕೆಟ್ ಕಳಿಸಿದ್ದಾನೆ" ಎಂದ. ಅದೇ ಮನೆಯ ಹುಡುಗ, ಗೊತ್ತಿದ್ದವನು. ಪುಸ್ತಕ ನೋಡಿ ತೆರೆದುಕೊಟ್ಟೆ. ಟಿಕೆಟ್ ಇರಲಿಲ್ಲ. ಇದ್ದದ್ದು ಆ ಹೆಣ್ಣುಮಗಳು ಗಂಡನಿಗೆ ಬರೆದ ಕಾಗದಗಳು, ಅತ್ತೆಮನೆಯ ಕಷ್ಟದ ಬಗ್ಗೆ. ಅವನು ಪ್ರಿಂಟ್ ತೆಗೆದುಕೊಂಡು ಹೋದ. ಪುಟಕ್ಕೆ ಐದು ರೂಪಾಯಿಯಂತೆ ನಾನು ಹಣವನ್ನೂ ತೆಗೆದುಕೊಂಡೆ. ಆ ಮನೆಯಲ್ಲಿ ಮುಂದೆ ಏನಾಯಿತೆಂದು ಇಲ್ಲಿ ಬರೆಯುವುದು ಸರಿಯಲ್ಲ. ಆ ಹೆಣ್ಣುಮಗಳು ಮತ್ತೆ ನನ್ನ ಕೆಫೆಗೆ ಬರಲಿಲ್ಲ. ಬಂದು ಬೈದಿದ್ದರೂ ಚೆನ್ನಾಗಿತ್ತು.

ನಮ್ಮಲ್ಲಿ 'ಅಮಾನತ್' ಎಂಬ ಮಾತಿದೆ. ಯಾರೋ ನಂಬಿ ಇಟ್ಟದ್ದನ್ನು ಇಟ್ಟ ಹಾಗೆ ಅವರ ಕೈಗೇ ಕೊಡುವುದು. ಹಜ್ಜಿಗೆ ಹೋಗುವವರ ಹಣ, ನೆರೆಮನೆಯವರ ಬಂಗಾರ ಅಮಾನತ್ ಎಂದು ನಮಗೆ ಗೊತ್ತು. ಪಾಸ್‌ವರ್ಡೂ ಹಾಗೆಯೇ ಎಂದು ನನಗೆ ತಿಳಿದದ್ದು ಆವತ್ತು. ನಾನು ಕಂಪ್ಯೂಟರನ್ನು ಕಾಯಲು ಆಂಟಿವೈರಸ್ ಹಾಕಿದ್ದೆ, ಆದರೆ ಕಳ್ಳನಿಗೆ ಬೇಕಾದದ್ದು ಮೇಜಿನ ಮೇಲಿನ ಪುಸ್ತಕದಲ್ಲೇ ಇತ್ತು. 2000ದ ಐಟಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಯಿತು. ಅದರ 66ಸಿ ಕಲಮಿನಂತೆ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. ಅದು ಜಾರಿಗೆ ಬಂದದ್ದು 2009ರ ಅಕ್ಟೋಬರಿನಲ್ಲಿ. ಕಾನೂನಿಗಿಂತ ಮೊದಲೇ ನನಗೆ ನಾಚಿಕೆ ಆಗಿತ್ತು.

ಆ ವಾರವೇ ಹೊಸದು ಬರೆಯುವುದನ್ನು ನಿಲ್ಲಿಸಿದೆ. ಬಂದ ಪ್ರತಿಯೊಬ್ಬರನ್ನೂ ಕೂರಿಸಿ, ನಾನು ಬೆನ್ನು ತಿರುಗಿಸಿ ನಿಂತು, ಪಾಸ್‌ವರ್ಡ್ ಬದಲಿಸಲು ಹೇಳಿದೆ. ಓದು ಬಾರದವರಿಗೆ ಕೀಲಿಯ ಜಾಗ ನೆನಪಿಡಲು ಕಲಿಸಿದೆ. ಬದಲಿಸಿದವರ ಸಾಲನ್ನು ಅವರೆದುರೇ ಶಾಯಿಯಿಂದ ಅಳಿಸಿದೆ. ಎಲ್ಲರೂ ಬರಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕೆಲವರು ಬರಲೇ ಇಲ್ಲ. 2011ರಲ್ಲಿ ಅಂಗಡಿ ಮುಚ್ಚುವಾಗ ಉಳಿದ ಪುಟಗಳನ್ನು ಪಕ್ಕದ ಚಹಾ ಅಂಗಡಿಯ ಒಲೆಗೆ ಹಾಕಿದೆ.

ಈಗ ನಮ್ಮ ಮನೆಗಳಲ್ಲಿ

ಈಗ ಕೆಫೆ ಇಲ್ಲ, ಎಲ್ಲ ಉಮ್ಮಂದಿರ ಕೈಯಲ್ಲೇ ಫೋನಿದೆ. ಆದರೆ ಆ ಪುಸ್ತಕ ಹೋಗಿಲ್ಲ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪಿನ್ ನಂಬರ್, ಫ್ಯಾಮಿಲಿ ಗ್ರೂಪಿನಲ್ಲಿ ಆಧಾರ್ ಕಾರ್ಡಿನ ಫೋಟೊ, ರಿಪೇರಿಗೆ ಕೊಟ್ಟ ಫೋನಿನ ಜೊತೆ ಲಾಕಿನ ನಂಬರು. ಫೋನಿನಲ್ಲಿ ಒಟಿಪಿ ಕೇಳುವವನು ಆ ಹುಡುಗನ ಹಾಗೆಯೇ ಮಾತಾಡುತ್ತಾನೆ: ಅವಸರ ಇರುತ್ತದೆ, ಮನೆಯವನ ಹೆಸರು ಗೊತ್ತಿರುತ್ತದೆ, ಒಂದು ಒಳ್ಳೆಯ ಕಾರಣ ಇರುತ್ತದೆ.

ಒಬ್ಬ ಹಳೆಯ ಮೆಕ್ಯಾನಿಕ್ ಆಗಿ ನಾನು ಹೇಳುವುದು ಇಷ್ಟೇ. ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. ಫೋನಿನಲ್ಲಿ ಯಾರೋ ಹೇಳಿದರೆಂದು ಯಾವ ಆ್ಯಪನ್ನೂ ಹಾಕಬೇಡಿ, ನಿಮ್ಮ ಸ್ಕ್ರೀನ್ ಅವರಿಗೆ ಕಾಣುವಂತೆ ಮಾಡಬೇಡಿ. ವಾಟ್ಸ್‌ಆ್ಯಪಿಗೆ ಎರಡು ಹಂತದ ಪಿನ್ ಹಾಕಿ. ವೈಫೈ ಪೆಟ್ಟಿಗೆಯಲ್ಲಿ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಡಬೇಡಿ. ಮದುವೆಯ ಫೋಟೊ, ತೀರಿಹೋದವರ ಧ್ವನಿ ಎರಡು ಕಡೆ ಇರಲಿ, ಒಂದು ಬೀರುವಿನಲ್ಲಿ. ಮೋಸ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ.

ಕಳೆದ ತಿಂಗಳು ನನ್ನ ಉಮ್ಮ ಹೊಸ ಫೋನ್ ತಗೊಂಡರು. ಪಿನ್ ಇಟ್ಟು, "ಮರೆತುಹೋಗುತ್ತದೆ, ನೀನು ಎಲ್ಲಾದರೂ ಬರೆದಿಟ್ಟುಕೋ" ಎಂದು ನಂಬರ್ ಹೇಳಲು ಹೊರಟರು. "ನನಗೂ ಹೇಳಬೇಡಿ ಉಮ್ಮ" ಎಂದೆ. ಅವರಿಗೆ ಸ್ವಲ್ಪ ಬೇಸರ ಆಯಿತು. ಮಗನಿಗೆ ಹೇಳದ ಗುಟ್ಟು ಎಂಥದ್ದು ಎಂದರು. ಆಗ ಆದೋನಿಯ ಪುಸ್ತಕದ ಕತೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಫೋನನ್ನು ಎದೆಗೆ ಹಿಡಿದುಕೊಂಡು, ನನಗೆ ಕಾಣದ ಹಾಗೆ, ಆ ನಾಲ್ಕು ಅಂಕಿಗಳನ್ನು ಮತ್ತೊಮ್ಮೆ ಒತ್ತಿ ನೋಡಿದರು.