ಟೆಂಟಿನಿಂದ ನಡುಮನೆಗೆ ಬಂದ ಸ್ಪೀಕರು

ಮದುವೆ, ಜಾತ್ರೆ, ಗಣೇಶನ ಮೆರವಣಿಗೆಗೆ ಬಾಡಿಗೆಗೆ ಹೋಗುವ ಮೈಕ್‌ಸೆಟ್ಟಿನ ದೊಡ್ಡ ಪೆಟ್ಟಿಗೆಗಳು ಹಳೆಯದಾದ ಮೇಲೆ ಎಲ್ಲಿ ಸೇರುತ್ತವೆ? ಕೆಲವು ಗುಜರಿಗೆ ಹೋಗುತ್ತವೆ. ಕೆಲವು ಯಾರದೋ ನಡುಮನೆಗೆ ಬಂದು ಟಿವಿ ಪಕ್ಕದಲ್ಲಿ ನಿಲ್ಲುತ್ತವೆ. ಗುಂಡ್ಲುಪೇಟೆ, ಚಾಮರಾಜನಗರದ ಸುತ್ತಮುತ್ತ ಹಾಡಿನ ಹುಚ್ಚಿರುವ ಹುಡುಗರಿಗೆ ಇದೇನೂ ಹೊಸದಲ್ಲ. ‘ಮನೆಗೆ ಇಷ್ಟು ದೊಡ್ಡದು ಯಾಕಪ್ಪಾ, ಊರಿಗೆಲ್ಲಾ ಕೇಳಬೇಕಾ?’ ಎಂದು ಹಿರಿಯರು ಬೈಯುವುದೂ ಹೊಸದಲ್ಲ. ಹಿರಿಯರ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಬೇಕಿದ್ದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಧ್ವನಿವರ್ಧಕ ಹುಟ್ಟಿದ್ದೇ ಗುಂಪಿಗಾಗಿ. 1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು, ಕಹಳೆಯಂತಹ ಬಾಯಿ ಜೋಡಿಸಿದ ಸ್ಪೀಕರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸೇರಿದ್ದ ಜನಸಮೂಹಕ್ಕೆ ಮಾತು, ಹಾಡು ಕೇಳಿಸಿದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಕಾಗದದ ಕೋನ್ ಇರುವ ಸ್ಪೀಕರಿನ ವಿವರ ಪ್ರಕಟಿಸಿದರು. ಇವತ್ತು ನಮ್ಮ ಮೊಬೈಲಿನೊಳಗೆ ಇರುವುದೂ, ಡಿಜೆ ಲಾರಿಯ ಮೇಲೆ ಇರುವುದೂ ಬಹುಮಟ್ಟಿಗೆ ಅದರ ವಂಶವೇ.

ಆಮೇಲೆ ಮಾತಾಡುವ ಸಿನಿಮಾ ಬಂತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿದ್ದು 1934ರಲ್ಲಿ. ಆ ಕಾಲದ ಆಂಪ್ಲಿಫೈಯರುಗಳು ವಾಲ್ವ್ ಹಾಕಿದವು. ಅವುಗಳ ಶಕ್ತಿ ಕೆಲವೇ ವ್ಯಾಟ್. ಇಂದಿನ ಸಣ್ಣ ಬ್ಲೂಟೂತ್ ಸ್ಪೀಕರಿನ ಶಕ್ತಿಯಲ್ಲಿ ನೂರಾರು ಜನ ಕೂತ ಟಾಕೀಸನ್ನು ತುಂಬಬೇಕಾಗಿತ್ತು. ಶಕ್ತಿ ಹೆಚ್ಚಿಸಲು ದಾರಿ ಇಲ್ಲದಿದ್ದರಿಂದ, ಇರುವ ಶಕ್ತಿ ಪೋಲಾಗದ ಹಾಗೆ ನೋಡಿಕೊಂಡರು. ಹೊಲದ ಆಚೆ ಬದಿಯಲ್ಲಿರುವವರನ್ನು ಕರೆಯುವಾಗ ನಾವು ಬಾಯಿಯ ಸುತ್ತ ಎರಡೂ ಕೈ ಹಿಡಿಯುತ್ತೇವಲ್ಲ, ಅದೇ ಉಪಾಯ. ಜಾತ್ರೆಯಲ್ಲಿ ಊದುವ ಕೊಂಬು ಕಹಳೆಗಳದ್ದೂ ಅದೇ ಉಪಾಯ. ಸ್ಪೀಕರಿನ ಮುಂದೆ ಅಗಲವಾಗುತ್ತಾ ಹೋಗುವ ಹಾರನ್ ಕೂರಿಸಿದರೆ ಅದೇ ವ್ಯಾಟ್‌ಗೆ ಹಲವು ಪಟ್ಟು ಸದ್ದು ಬರುತ್ತದೆ. 1936ರ ಸುಮಾರಿಗೆ ಹಾಲಿವುಡ್ಡಿನ ಎಂಜಿಎಂ ಸಂಸ್ಥೆ ಟಾಕೀಸುಗಳಿಗೆಂದೇ ರೂಪಿಸಿದ ‘ಶೀರರ್ ಹಾರನ್’ ಮುಂದಿನ ಟಾಕೀಸು ಸ್ಪೀಕರುಗಳಿಗೆ ಮಾದರಿಯಾಯಿತು.

ಅದರ ಕೆಲಸದಲ್ಲಿ ಪಾಲುಗೊಂಡಿದ್ದ ಜೇಮ್ಸ್ ಲ್ಯಾನ್ಸಿಂಗ್ 1946ರಲ್ಲಿ ಸ್ವಂತ ಕಂಪನಿ ತೆರೆದರು. ನಮ್ಮ ಹುಡುಗರು ಅಂಗಡಿಯಲ್ಲಿ ಕೇಳುವ ಜೆಬಿಎಲ್ ಎಂಬುದು ಅವರ ಹೆಸರಿನ ಮೊದಲಕ್ಷರಗಳು. ಅದೇ 1946ರಲ್ಲಿ ಪಾಲ್ ಕ್ಲಿಪ್ಶ್ ಎಂಬವರು ಮನೆಯ ಮೂಲೆಗೆ ಒತ್ತಿ ಇಡುವ ಸ್ಪೀಕರ್ ಮಾಡಿದರು. ಎರಡು ಗೋಡೆ ಕೂಡುವ ಮೂಲೆಯೇ ಅದರ ಹಾರನ್ನಿನ ಕೊನೆಯ ಭಾಗ. ಟಾಕೀಸಿಗೆ ಮಾಡಿದ ಆಲ್ಟೆಕ್ ಕಂಪನಿಯ ಪೆಟ್ಟಿಗೆಗಳನ್ನೂ ಸಂಗೀತಪ್ರೇಮಿಗಳು ಮನೆಗೆ ತಂದು ಇಟ್ಟುಕೊಂಡರು. ಅಂದರೆ ಹೈ-ಫೈ ಎಂದು ಈಗ ಕರೆಯುವ ಮನೆಯ ಸಂಗೀತ ವ್ಯವಸ್ಥೆಯ ಒಂದು ಬೇರು ಟಾಕೀಸಿನ ಪರದೆಯ ಹಿಂದೆಯೇ ಇದೆ.

ಹಾಗಾದರೆ ಮನೆಯ ಸ್ಪೀಕರು ಚಿಕ್ಕದಾಗಿದ್ದು ಯಾವಾಗ? 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದಲೇ ಆಳವಾದ ಬೇಸ್ ಬರುವಂತೆ ಮಾಡಿ ತೋರಿಸಿದರು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಅಷ್ಟೇ ಸದ್ದಿಗೆ ಹೆಚ್ಚು ಶಕ್ತಿ ಬೇಕಾಯಿತು. ಮುಂದೆ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದಾಗ ಆ ಬೆಲೆ ಯಾರಿಗೂ ಭಾರವಾಗಲಿಲ್ಲ. ಅಲ್ಲಿಂದ ದಾರಿ ಎರಡಾಯಿತು. ಮನೆಗೆ ಚಿಕ್ಕದು, ಗುಂಪಿಗೆ ದೊಡ್ಡದು.

ನಮ್ಮ ಕಡೆ ಈ ಎರಡು ದಾರಿ ಬೇರೆಯಾಗಿ ಇದ್ದದ್ದೇ ಕಡಿಮೆ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದರು. ಆದರೆ ಮುಂದೆ ಬಹುಕಾಲ ಹಳ್ಳಿಯವರು ರೇಡಿಯೊ ಕೇಳಿದ್ದು ಪಂಚಾಯ್ತಿ ಕಟ್ಟೆಯ ಮುಂದೆ ಗುಂಪಾಗಿ ಕೂತು. ಸಿನಿಮಾ ನೋಡಿದ್ದು ಟೆಂಟಿನಲ್ಲಿ. ಟೆಂಟಿನ ಕಂಬಕ್ಕೆ ಕಟ್ಟಿದ ಹಾರನ್ನಿನಲ್ಲಿ ಘಂಟಸಾಲ ಅವರ ವೆಂಕಟೇಶ್ವರ ಭಕ್ತಿಗೀತೆ ಬಂತೆಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಊರೂರಿಗೂ ಗೊತ್ತಾಗುತ್ತಿತ್ತು. ಮದುವೆಮನೆಯ ಹಾಡು ಕೇಳಿದ್ದು ಮೈಕ್‌ಸೆಟ್ಟಿನಲ್ಲಿ. 1940ರಲ್ಲಿ ದೆಹಲಿಯಲ್ಲಿ ಶುರುವಾದ ಅಹುಜಾ ಕಂಪನಿಯ ಹೆಸರು ಬರೆದ ಆಂಪ್ಲಿಫೈಯರ್ ನೋಡದ ಊರು ಇಲ್ಲವೆನ್ನಬಹುದು. ನಮ್ಮ ಹಿರಿಯರ ಕಿವಿಗೆ ‘ಒಳ್ಳೆಯ ಸದ್ದು’ ಎಂದರೆ ಗುಂಪಿನ ಸದ್ದೇ. ಟೆಂಟುಗಳು ಹೋದವು, ಹಳೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದವು, ಮೈಕ್‌ಸೆಟ್ಟಿನವರು ಹೊಸ ಪೆಟ್ಟಿಗೆ ತಂದರು. ಹಳೆಯದು ಮನೆಗೆ ಬರುತ್ತಿರುವುದು ಹೀಗೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ದೊಡ್ಡದು ಯಾಕೆ? ಲೆಕ್ಕ ಸರಳ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಮನೆಯ ಸಾಮಾನ್ಯ ಸ್ಪೀಕರ್ ಸುಮಾರು 86 ಡೆಸಿಬಲ್ ಸದ್ದು ಮಾಡುತ್ತದೆ. ವೇದಿಕೆಯ ಪೆಟ್ಟಿಗೆ ಸುಮಾರು 98 ಮಾಡುತ್ತದೆ. 12 ಡೆಸಿಬಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಸುಮಾರು 16 ಪಟ್ಟು. ಮನೆಯಲ್ಲಿ ಹಾಯಾಗಿ ಹಾಡು ಕೇಳಲು ಚಿಕ್ಕದಕ್ಕೆ ಎರಡು ವ್ಯಾಟ್ ಬೇಕಾದರೆ ದೊಡ್ಡದಕ್ಕೆ ವ್ಯಾಟಿನ ಎಂಟನೇ ಒಂದು ಭಾಗ ಸಾಕು. ಆದರೆ ಹಾಡು ಒಂದೇ ಸಮ ಇರುವುದಿಲ್ಲ. ಕಂಸಾಳೆಯ ಬಟ್ಟಲುಗಳು ತಾಗುವ ಕ್ಷಣ, ತಮಟೆಗೆ ಏಟು ಬೀಳುವ ಕ್ಷಣದ ಸದ್ದು ಸರಾಸರಿಗಿಂತ 20 ಡೆಸಿಬಲ್ ಮೇಲೆ ಹಾರಿತೆನ್ನಿ. ಆಗ ನೂರು ಪಟ್ಟು ಶಕ್ತಿ ಬೇಕು. ಚಿಕ್ಕದಕ್ಕೆ 200 ವ್ಯಾಟ್, ದೊಡ್ಡದಕ್ಕೆ ಹದಿಮೂರೇ ವ್ಯಾಟ್. ಚಿಕ್ಕದು ಅಲ್ಲಿ ಏದುಸಿರು ಬಿಟ್ಟು ಏಟನ್ನು ಮೊಂಡು ಮಾಡುತ್ತದೆ. ದೊಡ್ಡದು ಬೆವರದೆ ಹೇಳಿಬಿಡುತ್ತದೆ. ಗುಂಪಿನ ಪೆಟ್ಟಿಗೆಯ ನಿಜವಾದ ಗುಣ ಜೋರು ಅಲ್ಲ, ಆಯಾಸವಿಲ್ಲದಿರುವುದು. ಮೆಲ್ಲಗೆ ಇಟ್ಟಾಗಲೂ ಆ ಗುಣ ಉಳಿದಿರುತ್ತದೆ.

ಹಾಗೆಂದು ಮೈಕ್‌ಸೆಟ್ಟಿನ ಎಲ್ಲವೂ ಮನೆಗೆ ಒಗ್ಗುವುದಿಲ್ಲ. ಕಂಬಕ್ಕೆ ಕಟ್ಟುವ ಹಾರನ್ ಮಾತಿಗಾಗಿ ಮಾಡಿದ್ದು, ಅದರಲ್ಲಿ ಬೇಸ್ ಇಲ್ಲವೇ ಇಲ್ಲ. ಅಂತಹ ಹಲವು ಹಾರನ್ನುಗಳಲ್ಲಿ ಉದ್ದ ವೈರಿಗಾಗಿ 100 ವೋಲ್ಟಿನ ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ ಆಂಪ್ಲಿಫೈಯರಿಗೆ ಹೊಂದುವುದು 4 ಅಥವಾ 8 ಓಮ್‌ನ ಸ್ಪೀಕರ್. ಗೊತ್ತಿಲ್ಲದೆ ಜೋಡಿಸಬಾರದು, ಗೊತ್ತಿರುವ ಮೆಕ್ಯಾನಿಕ್ಕನ್ನು ಕೇಳಿ. ಫ್ಯಾನ್ ಇರುವ ಆಂಪ್ಲಿಫೈಯರ್ ಮದುವೆಮನೆಯಲ್ಲಿ ಗೊತ್ತಾಗದಿದ್ದರೂ ಮಲಗುವ ಕೋಣೆಯಲ್ಲಿ ಗುಂಯ್‌ಗುಡುತ್ತದೆ. ಸ್ಪೀಕರ್ ಚುರುಕಾದಷ್ಟೂ ಆಂಪ್ಲಿಫೈಯರಿನ ‘ಸ್ಸ್’ ಎಂಬ ಸದ್ದೂ ಚೆನ್ನಾಗಿ ಕೇಳುತ್ತದೆ. ಮೇಲಿನ ಟ್ವೀಟರ್ ಹಾರನ್ ಕೂತವರ ಕಿವಿಯ ಮಟ್ಟಕ್ಕೆ ನೇರವಾಗಿರಬೇಕು. ತಲೆಯ ಮೇಲಿಂದ ಹಾದುಹೋದರೆ ಹಾಡು ಮಂಕಾಗುತ್ತದೆ.

ಇಷ್ಟಾದ ಮೇಲೂ ದೊಡ್ಡ ಮಾತು ಒಂದು ಉಳಿದಿದೆ, ಅದು ನಮ್ಮ ಕಾಡಂಚಿನ ಊರುಗಳದ್ದು. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. 2009ರಿಂದ ಇಲ್ಲಿಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಲಾರಿಗಳ ಸದ್ದು ನಿಂತ ಆ ರಾತ್ರಿಯಲ್ಲಿ, ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿರುವಾಗ, ಶಬ್ದ ಬಾಗಿ ನೆಲದತ್ತಲೇ ಬಂದು ಹಗಲಿಗಿಂತ ದೂರ ಹೋಗುತ್ತದೆ. ಬೇಸ್ ಅಂತೂ ಗೋಡೆ, ಹೆಂಚು ಯಾವುದಕ್ಕೂ ನಿಲ್ಲುವುದಿಲ್ಲ. ಅದೇ ಹೊತ್ತಿನಲ್ಲಿ ಹೊಲದ ಅಟ್ಟಣೆಯ ಮೇಲೆ ರೈತ ಕಾವಲು ಕೂತಿರುತ್ತಾನೆ. ಕತ್ತಲಲ್ಲಿ ಅವನಿಗೆ ಕಣ್ಣಿಗಿಂತ ಕಿವಿಯೇ ಆಸರೆ. ಬೇಲಿ ಮುರಿದ ಸದ್ದು, ಜೋಳದ ದಂಟು ಲಟಕ್ಕೆಂದ ಸದ್ದು ಕೇಳಿದರೆ ಆನೆ ಬಂತೆಂದು ಗೊತ್ತು. ಊರೊಳಗಿನ ಪೆಟ್ಟಿಗೆ ಆ ಸದ್ದನ್ನು ಮುಚ್ಚಿದರೆ ಬೆಳೆಯಷ್ಟೇ ಅಲ್ಲ, ಜೀವವೂ ಹೋಗಬಹುದು. ಆನೆಗಳು ಮನುಷ್ಯರಿಗೆ ಕೇಳದಷ್ಟು ತಗ್ಗು ಸ್ವರದಲ್ಲಿ ಒಂದನ್ನೊಂದು ಕರೆಯುತ್ತವೆ ಎಂಬುದನ್ನು 1980ರ ದಶಕದಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಕಂಡುಕೊಂಡರು. ಕಾಡಿಗೂ ತನ್ನದೇ ಮಾತುಕತೆ ಇದೆ.

ಕಾನೂನೂ ಇದನ್ನೇ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ನಮ್ಮ ಜಾಗದ ಗಡಿಯಲ್ಲಿ ಅದಕ್ಕಿಂತ 5 ಡೆಸಿಬಲ್ ಮಾತ್ರ ಹೆಚ್ಚಿರಬಹುದು. ‘ನಮ್ಮ ಮನೆ, ನಮ್ಮ ಸ್ಪೀಕರು’ ಎನ್ನುವ ವಾದ ಬೇಲಿಯವರೆಗೆ ಮಾತ್ರ.

ನಮ್ಮ ಸೀಮೆ ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳದ್ದು. ರಾತ್ರಿಯಿಡೀ ಹಾಡಿದವರ ದನಿ ಎಷ್ಟೋ ಮನೆಗಳ ಹಳೆಯ ಕ್ಯಾಸೆಟ್ಟುಗಳಲ್ಲಿದೆ. ಮೊಬೈಲಿನ ಸಣ್ಣ ಬಾಯಲ್ಲಿ ಆ ದನಿಗೆ ಎದೆಯೇ ಇರುವುದಿಲ್ಲ. ದೊಡ್ಡ ಪೆಟ್ಟಿಗೆ ಮನೆಗೆ ಬಂದಿದ್ದರೆ ಒಮ್ಮೆ ಅದನ್ನು ಹಾಕಿ, ವಾಲ್ಯೂಮ್ ಅರ್ಧಕ್ಕಿಂತ ಬಹಳ ಕೆಳಗಿಟ್ಟು ಮನೆಯ ಹಿರಿಯರನ್ನು ಎದುರಿಗೆ ಕೂರಿಸಿ. ತಂಬೂರಿ, ಕಂಸಾಳೆ, ಹಾಡುಗಾರ ಉಸಿರು ತೆಗೆದುಕೊಳ್ಳುವ ಸದ್ದು ಬೇರೆ ಬೇರೆಯಾಗಿ ಕೇಳುತ್ತವೆ. ಆಮೇಲೆ ಎದ್ದು ಬೀದಿಗೆ ಬಂದು ನಿಲ್ಲಿ. ಅಲ್ಲಿಗೆ ಏನೂ ಕೇಳಿಸದಿದ್ದರೆ ಸ್ಪೀಕರನ್ನು ಸರಿಯಾಗಿ ಬಳಸುತ್ತಿದ್ದೀರಿ ಎಂದೇ ಅರ್ಥ.